ನಾಲ್ಕನೆಯ ಕ್ಯಾಮೆರಾ

ಸೆಪ್ಟೆಂಬರ್ 22, ಸೋಮವಾರ

ಹಗಲೆಲ್ಲ ಬರೆಯುವುದೇ ಕೆಲಸವಾದವಳು ಮನೆಗೆ ಬಂದು ಮತ್ತೆ ಬರೆಯುವುದೆಂದರೆ ಹೋಟೆಲಿನ ಭಟ್ಟ ಮನೆಗೆ ಬಂದು ಮತ್ತೆ ಒಲೆ ಹಚ್ಚಿದಂತೆ. ಆದರೂ ಇವತ್ತಿನಿಂದ ಬರೆಯೋಣ ಅನ್ನಿಸಿದೆ. ಆಫೀಸಿನಲ್ಲಿ ನಾನು ಬರೆಯುವುದರಲ್ಲಿ ಕಣ್ಣಾರೆ ಕಂಡದ್ದು ಒಂದೂ ಇರುವುದಿಲ್ಲ, ಅದಕ್ಕೆ.

ನಮ್ಮ ವೆಬ್‌ಸೈಟಿನ ಹೆಸರು ‘ಗ್ಯಾಜೆಟ್ ಕಟ್ಟೆ’. ಇನ್ನೂ ಬಾರದ ಫೋನಿನ ಬಣ್ಣ, ಬ್ಯಾಟರಿ, ಕ್ಯಾಮೆರಾ ಎಲ್ಲವನ್ನೂ ನಾವು ಮೊದಲೇ ಬರೆದುಬಿಡುತ್ತೇವೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ದರ್ಜಿ ಅಂಗಡಿ ನಮ್ಮದು. ಇವತ್ತು ಮೂರು ಕುಲಾವಿ ಹೊಲಿದೆ. ಮಡಚುವ ಫೋನು ಇನ್ನುಮುಂದೆ ಸೀರೆಯ ಹಾಗೆ ಮೂರು ಮಡಿಕೆ ಆಗಲಿದೆಯಂತೆ. ನಮಗೆ ಸಿಟ್ಟು ಬರುವ ಮೊದಲೇ ಸಿಟ್ಟು ಬರುತ್ತಿದೆ ಎಂದು ಹೇಳುವ ಕೈಗಡಿಯಾರ ಬರಲಿದೆಯಂತೆ. ಮೂರನೆಯದು ಬಸ್ಸಿನಲ್ಲೇ ಮರೆತುಹೋಯಿತು. ಸಂಪಾದಕ ರಘುನಾಥ್ ಸರ್ ಮೊದಲ ದಿನವೇ ಮಂತ್ರ ಹೇಳಿಕೊಟ್ಟಿದ್ದರು: "ಬರುತ್ತೆ ಅನ್ಬೇಡ ಶೀತಲ್, ಬರುತ್ತಾ ಅಂತ ಕೇಳು. ಕೇಳೋದು ಯಾವತ್ತೂ ಸುಳ್ಳಾಗಲ್ಲ."

ಇಷ್ಟೆಲ್ಲ ಹೊಸ ಫೋನುಗಳ ಸುದ್ದಿ ಬರೆಯುವ ನನ್ನ ಸ್ವಂತ ಫೋನಿನ ಗಾಜು ಒಡೆದು ಯಾವ ಕಾಲವಾಯಿತೋ.

ದೀಪಾವಳಿ ಆದಮೇಲೆ ಕೆಲಸ ಕಾಯಂ ಮಾಡುತ್ತೇನೆ ಎಂದಿದ್ದಾರೆ. ಆಗದಿದ್ದರೆ ಅಥಣಿಗೆ ವಾಪಸು ಹೋಗಿ ಕಾಕಾನ ಝೆರಾಕ್ಸ್ ಅಂಗಡಿಯಲ್ಲಿ ಕೂರಬೇಕು. ಅಪ್ಪ ವಾರಕ್ಕೊಮ್ಮೆ ಫೋನು ಮಾಡಿ ಆ ಅಂಗಡಿಯ ಹೊಸ ಮಶೀನನ್ನು ಹೊಗಳುತ್ತಾನೆ.

ನಾನಿರುವುದು ಕೋಗಿಲಿನಲ್ಲಿ, ಮಾಳಿಗೆಯ ಮೇಲಿನ ಒಂದು ಕೋಣೆ. ಕೆಳಗೆ ಓನರಮ್ಮ ಮುನಿಕೆಂಪಮ್ಮ ಮತ್ತು ಅವರ ಮಗ, ನೀರಿನ ಟ್ಯಾಂಕರ್ ಓಡಿಸುವ ಮುನೇಶಣ್ಣ. ಓನರಮ್ಮನಿಗೆ ತಿಳಿಸದೆ ಈ ಬೀದಿಯಲ್ಲಿ ನಾಯಿಯೂ ಮರಿ ಹಾಕುವುದಿಲ್ಲ. ನಾನು ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಎಲ್ಲಿಗೆ ಹೋಗಿದ್ದೆ, ಏನು ತಿಂದೆ, ಆ ಫೋನಿನಲ್ಲಿ ಮಾತಾಡಿದವನು ಯಾರು ಎಂಬುದೆಲ್ಲ ವಿಚಾರಣೆಯಾಗಿರುತ್ತದೆ. ಒಬ್ಬಳೇ ಹಾಯಾಗಿರೋಣ ಎಂದು ಬೆಂಗಳೂರಿಗೆ ಬಂದರೆ ಮನೆಯ ಕೆಳಗೇ ಪೊಲೀಸ್ ಠಾಣೆ.

ಸೆಪ್ಟೆಂಬರ್ 25, ಗುರುವಾರ

ಇವತ್ತು ನಿಜವಾದದ್ದೊಂದು ಕೈಗೆ ಬಂತು. ಟಾರಿಕ್ಸ್ ಕಂಪನಿಯ ಹೊಸ ಫೋನು. ಅಂಗಡಿಗೆ ಬರುವುದು ಅಕ್ಟೋಬರ್ ಹದಿನೇಳಕ್ಕೆ. ಅಲ್ಲಿಯವರೆಗೆ ನಾನು ಬಳಸಿ ನೋಡಿ ವಿಮರ್ಶೆ ಬರೆದಿಡಬೇಕು, ಯಾರಿಗೂ ತೋರಿಸಬಾರದು. ಗುಟ್ಟು ಕಾಯುತ್ತೇನೆಂದು ರುಜು ಮಾಡಿಸಿಕೊಂಡರು. ಕಂಡವರ ಗುಟ್ಟನ್ನು ರಟ್ಟು ಮಾಡಿ ಹೊಟ್ಟೆ ಹೊರೆಯುವ ನನ್ನ ಕೈಯಲ್ಲಿ!

"ಇದು ನಿನಗೆ ಪರೀಕ್ಷೆ ಅನ್ಕೋ," ಅಂದರು ಸರ್. "ನೀಟಾಗಿ ಮುಗಿಸಿದ್ರೆ ಪರ್ಮನೆಂಟ್ ಲೆಟರ್ ರೆಡಿ. ಲೀಕ್ ಆಯ್ತೋ, ಕಂಪನಿಯವರು ನನ್ ಮುಖ ನೋಡಲ್ಲ, ನಾನು ನಿನ್ ಮುಖ ನೋಡಲ್ಲ."

ಹಿಂಬದಿಯಲ್ಲಿ ಮೂರು ಮೂಲೆಗೆ ಮೂರು ಕ್ಯಾಮೆರಾ, ನಾಲ್ಕನೆಯ ಮೂಲೆ ಖಾಲಿ. ಅದು ಯಾರ ಕಣ್ಣಿಗೂ ಬೀಳದಿರಲೆಂದು ದಪ್ಪನೆಯ ಕರೀ ಕವರನ್ನೂ ಕೊಟ್ಟಿದ್ದಾರೆ. ಆರ್.ಟಿ. ನಗರದಿಂದ ಹೆಬ್ಬಾಳ ದಾಟುವವರೆಗೂ ಬ್ಯಾಗನ್ನು ಅವುಚಿಕೊಂಡೇ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನೇ ಕಳ್ಳಿಯ ಹಾಗೆ ನೋಡಿ ತನ್ನ ಪರ್ಸನ್ನು ಆಚೆ ಸರಿಸಿಕೊಂಡಳು.

ಸಂಜೆ ಮಾಳಿಗೆಯ ಮೇಲೆ ಕ್ಯಾಮೆರಾ ಪರೀಕ್ಷೆ ಮಾಡುತ್ತಿದ್ದೆ. ಒಣಗಿದ ಬಟ್ಟೆ ತೆಗೆಯಲು ಬಂದ ಓನರಮ್ಮ ನಿಂತರು.

"ಒಸಾ ಫೋನಾ?"

"ಅಲ್ರಿ ಆಂಟಿ. ಇದು ಆಫೀಸಿಂದು. ನನ್ನ ಕೆಲಸದ ಸಾಮಾನ್ರಿ."

"ಓ, ಸಾಮಾನಾ," ಎಂದು ಬಟ್ಟೆ ಎತ್ತಿಕೊಂಡು ಇಳಿದು ಹೋದರು. ಒಂದೇ ಉತ್ತರಕ್ಕೆ ಅವರು ಸುಮ್ಮನಾದದ್ದು ಇದೇ ಮೊದಲು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸೆಪ್ಟೆಂಬರ್ 28, ಭಾನುವಾರ

ಓನರಮ್ಮನಿಗೆ ಸಕ್ಕರೆ ಕಾಯಿಲೆಯಂತೆ. ಕೆಳಗಿನ ಜಗಳ ಮೇಲಿನವರೆಗೂ ಕೇಳಿಸಿತು. ಮುನೇಶಣ್ಣ ಬೆಲ್ಲದ ಡಬ್ಬಿ ಬಚ್ಚಿಟ್ಟಿದ್ದಾರೆ. ಪ್ರತಿ ತಿಂಗಳೂ ಯಲಹಂಕದ ಲ್ಯಾಬಿಗೆ ಹೋಗಿ ರಕ್ತ ಕೊಡಬೇಕು, ಅದಕ್ಕೆ ಪ್ರತಿ ತಿಂಗಳೂ ಒಂದು ರಂಪ. ಟ್ಯಾಂಕರ್ ಬಂದಾಗ ಇಡೀ ಬೀದಿಯ ಕೊಡಗಳನ್ನು ಸಾಲಿನಲ್ಲಿ ನಿಲ್ಲಿಸಿ ಗದರುವ ಈ ಹೆಂಗಸಿಗೆ ಸೂಜಿಯೆಂದರೆ ಪ್ರಾಣ ಹೋಗುತ್ತದೆ. ನನಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಮೇಲೆ ಬಂದು ಎರಡು ಒಬ್ಬಟ್ಟು ಕೊಟ್ಟು, "ನೀನಾನ ತಿನ್ನು, ನಾನು ನೋಡ್ತೀನಿ," ಎಂದು ಎದುರಿಗೇ ಕೂತರು. ಯಾರಾದರೂ ಹಾಗೆ ನೋಡುತ್ತ ಕೂತರೆ ಹೋಳಿಗೆಯೂ ಗಂಟಲಲ್ಲಿ ಇಳಿಯುವುದಿಲ್ಲ.

ಅಕ್ಟೋಬರ್ 1, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ಆಯುಧಪೂಜೆ. ಬೆಳಿಗ್ಗೆಯೇ ಓನರಮ್ಮ, "ಓಗವ್ವ, ಯಲಹಂಕದಾಗೆ ಸೇವಂತಿಗೆ ಚೆಂದಾಗಿರ್ತದೆ, ನಾಕು ಮೊಳ ತಕಂಡು ಬಾ," ಎಂದು ಕಳಿಸಿದರು. ಓನರಮ್ಮನ ಮಾತಿಗೆ ಇಲ್ಲ ಅನ್ನಲು ನನಗೆ ಇನ್ನೂ ಬಂದಿಲ್ಲ. ಕೋಣೆಗೆ ಬೀಗ ಹಾಕಿ ಹೋದೆ. ಬೀಗದ ಇನ್ನೊಂದು ಕೈ ಯಾರ ಸೊಂಟದಲ್ಲಿದೆ ಎಂಬುದು ಆಗ ನೆನಪಾಗಲಿಲ್ಲ.

ಹೂವು ಹಿಡಿದು ಬಂದರೆ ಮಂಗಳಾರತಿ ನಡೆಯುತ್ತಿತ್ತು. ಬಾಳೆಕಂದು ಕಟ್ಟಿಸಿಕೊಂಡ ಟ್ಯಾಂಕರ್ ಬಾಗಿಲಿಗೆ ಬಂದು ನಿಂತಿತ್ತು. ನಡುಮನೆಯ ಕೆಂಪು ನೆಲದ ಮೇಲೆ ಮಣೆ, ಮಣೆಯ ಮೇಲೆ ಕುಡುಗೋಲು, ಸ್ಪ್ಯಾನರು, ಮಿಕ್ಸಿ, ಟ್ಯಾಂಕರಿನ ಬೀಗದ ಕೈ, ಟಿ.ವಿ. ರಿಮೋಟು. ನಟ್ಟನಡುವೆ ನನ್ನ ಲ್ಯಾಪ್‌ಟಾಪು. ಅದರ ಮೇಲೆ, ಕರೀ ಕವರು ಕಳಚಿಕೊಂಡು, ಬೆನ್ನು ಮೇಲೆ ಮಾಡಿ ಮಲಗಿದ ಟಾರಿಕ್ಸ್ ಫೋನು! ಮೈಗೆ ವಿಭೂತಿ ಪಟ್ಟೆ. ಖಾಲಿಯಿದ್ದ ನಾಲ್ಕನೆಯ ಮೂಲೆಯಲ್ಲಿ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು, ದುಂಡಗೆ, ಮಿರಮಿರ ಮಿಂಚುತ್ತ.

"ಆಂಟಿ, ಅದು!"

"ಸುಮ್ಕಿರು, ಆರತಿ ಆಗ್ತೈತೆ."

ಆರತಿ ಮುಗಿದ ಮೇಲೆ ಫೋನಿಗೆ ಕೈ ಹಾಕಿದೆ. ಕೈ ಮೇಲೆ ಪಟ್ಟನೆ ಒಂದು ಏಟು ಬಿತ್ತು.

"ಪೂಜೆಗಿಟ್ಟ ಸಾಮಾನು ನಾಳೆಗಂಟ ಅಲ್ಲಾಡಿಸಂಗಿಲ್ಲ. ವರ್ಸವೆಲ್ಲ ದುಡೀತವೆ, ಅವಕ್ಕೂ ಒಂದಿನ ರಜ ಬ್ಯಾಡ್ವಾ?"

"ಕವರ್ ಯಾಕ ತೆಗೆದ್ರಿ?"

"ಸೀರೆಗೆ ಕುಂಕುಮ ಇಡ್ತಾರೇನೇ? ಅಣೆಗಿಡ್ತಾರೆ. ಮೂರು ಕಣ್ಣಿತ್ತು, ಒಂದ್ ಮೂಲೆ ಬರೀದಾಗಿತ್ತು, ಇಟ್ಟೆ." ಆಮೇಲೆ ಸ್ವಲ್ಪ ಮೆತ್ತಗೆ, "ನೀನೇ ಅಲ್ವಾ ನಿನ್ನ ಕೆಲ್ಸದ ಸಾಮಾನು ಅಂದಿದ್ದು? ನಿನ್ನ ಅನ್ನ ಅದ್ರಾಗೈತೆ. ಊರು ಬಿಟ್ಟು ಬಂದಿರೋ ಉಡುಗಿ, ನಿನ್ನ ಸಾಮಾನ್ಗೆ ಯಾರವ್ವ ಪೂಜೆ ಮಾಡ್ತಾರೆ?"

ಆಗ ನಾನು ಎತ್ತಿಕೊಂಡು ಓಡಬೇಕಿತ್ತು. ಓಡಲಿಲ್ಲ. ನನ್ನ ಸಾಮಾನಿಗೆ ಇದುವರೆಗೆ ಯಾರೂ ಪೂಜೆ ಮಾಡಿರಲಿಲ್ಲ. ತಂದ ಸೇವಂತಿಗೆಯಲ್ಲಿ ಒಂದು ಹೂವು ಕಿತ್ತು ನಾನೇ ಅದರ ಮೇಲಿಟ್ಟೆ. ಎಂಥ ಬುದ್ಧಿಗೇಡಿ!

ಸಂಜೆಯವರೆಗೂ ಬೀದಿಯವರೆಲ್ಲ ಪುರಿ, ಕಡಲೆ ಇಸಿದುಕೊಳ್ಳಲು ಬಂದುಹೋದರು. ಬಂದವರ ಮುಂದೆಲ್ಲ ನಾನು ಮಣೆಗೆ ಅಡ್ಡವಾಗಿ ನಿಂತೆ. ದೇವರಿಗೆ ಬೆನ್ನು ಹಾಕಿ ನಿಂತಿದ್ದಾಳೆ ಎಂದು ಓನರಮ್ಮ ಎರಡು ಸಲ ಬೈದರು.

ಅಕ್ಟೋಬರ್ 2, ಗುರುವಾರ

ಬೆಳಗಾಗುತ್ತಲೇ ಫೋನು ತಂದು ಒರೆಸಿದೆ. ಕುಂಕುಮ ಹೋಯಿತು. ಗುಟ್ಟು ಮಾತ್ರ ನಿನ್ನೆಯೇ ಹೋಗಿತ್ತು.

ಮನೆಯ ಫೋನುಗಳಲ್ಲಿ ಪೂಜೆಗೆ ಕೂರದಿದ್ದುದು ಮುನೇಶಣ್ಣನದೊಂದೇ. ಎಲ್ಲವೂ ಕೂತರೆ ಫೋಟೊ ತೆಗೆಯುವುದು ಹೇಗೆ? ನಾನು ಹೂವಿಟ್ಟು ಕೈ ತೊಳೆಯಲು ಹೋದಾಗಲೇ ತೆಗೆದು ಸ್ಟೇಟಸ್ಸಿಗೆ ಹಾಕಿದ್ದಾರೆ, ‘ಎಲ್ಲರಿಗೂ ಆಯುಧಪೂಜೆಯ ಶುಭಾಶಯಗಳು’ ಎಂದು. ಅದನ್ನು ನೋಡಿದ ಯಾರೋ ಪುಣ್ಯಾತ್ಮ ಟ್ಯಾಂಕರು, ಮಿಕ್ಸಿ ಎಲ್ಲ ಕತ್ತರಿಸಿ, ಫೋನೊಂದನ್ನೇ ಹಿಗ್ಗಿಸಿ ಲೋಕಕ್ಕೆ ಹಂಚಿದ್ದಾನೆ. ಮಧ್ಯಾಹ್ನದ ಹೊತ್ತಿಗೆ ನನ್ನ ಫೋನಿಗೂ ಬಂತು. ತಲೆಬರಹ: ‘ಟಾರಿಕ್ಸ್ ಹೊಸ ಫೋನಿಗೆ ನಾಲ್ಕನೆಯ ಕ್ಯಾಮೆರಾ, ಕೆಂಪು ಬಣ್ಣ!’

ಅಕ್ಟೋಬರ್ 3, ಶುಕ್ರವಾರ

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ. ಆಫೀಸಿನ ಮೆಟ್ಟಿಲು ಹತ್ತುವಾಗಲೇ ನನಗೆ ಬೆವರು. ಸರ್ ಮಾತ್ರ ಕುಣಿಯುತ್ತಿದ್ದರು.

"ನಮ್ ದೇಶದಲ್ಲೇ ಲೀಕ್ ಆಗಿದೆ ಶೀತಲ್! ಹೂವು ನೋಡು, ವಿಭೂತಿ ನೋಡು. ಯಾರ ಫೋನು, ಎಲ್ಲಿಂದ, ಆ ಕೆಂಪು ಕ್ಯಾಮೆರಾ ಏನು ಮಾಡುತ್ತೆ, ಎಲ್ಲಾ ಬರಿ. ನಿನ್ನ ಹತ್ರ ಇರೋದು ಸೇಫ್ ತಾನೆ?"

"ಸೇಫ್ ಐತ್ರಿ ಸರ್. ಅದ್ರಾಗ ಮೂರ ಕ್ಯಾಮೆರಾ ಅದಾವ್ರಿ."

"ಹಾಗಾದ್ರೆ ಇದು ಇನ್ನೂ ದೊಡ್ಡ ಮಾಡೆಲ್!"

ಕದ್ದವಳನ್ನೇ ಕರೆದು ತನಿಖೆಗೆ ಪೇದೆ ಮಾಡಿದಂತಾಯಿತು. ಬರೆಯಲು ಕೂತೆ. ಕೆಂಪು ಯಾಕೆ, ಕೆಂಪು ಯಾಕೆ ಎಂದು ಸರ್ ತಲೆಯ ಮೇಲೆ ನಿಂತಿದ್ದರು. ಕೆಂಪು ಅಂದರೆ ರಕ್ತ. ರಕ್ತ ಅಂದಕೂಡಲೇ ಓನರಮ್ಮನ ಮನೆಯ ಜಗಳ ನೆನಪಾಯಿತು. ‘ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತದೆಯೇ ಈ ಕೆಂಪು ಕ್ಯಾಮೆರಾ?’ ಎಂದು ಬರೆದೆ. ಸರ್ ಚಪ್ಪಾಳೆ ತಟ್ಟಿದರು. ಕಟ್ಟೆಯಲ್ಲಿ ಇದುವರೆಗೆ ಇಷ್ಟು ಜನ ಓದಿದ ಸುದ್ದಿಯೇ ಇಲ್ಲವಂತೆ. ನಾನೇನೂ ಹೇಳಿಲ್ಲ, ಕೇಳಿದ್ದೇನೆ ಅಷ್ಟೆ.

ಅಕ್ಟೋಬರ್ 5, ಭಾನುವಾರ

ನನ್ನ ಪ್ರಶ್ನೆ ಊರೂರು ಸುತ್ತಿ ಉತ್ತರವಾಗಿ ವಾಪಸು ಬಂದಿದೆ. ಒಂದು ವೆಬ್‌ಸೈಟು ನಮ್ಮನ್ನೇ ತೋರಿಸಿ ‘ಬಲ್ಲ ಮೂಲಗಳು ಖಚಿತಪಡಿಸಿವೆ’ ಎಂದಿದೆ. ವಿಭೂತಿಯ ಪಟ್ಟೆ ಬೆರಳಚ್ಚು ಓದುವ ಜಾಗವಂತೆ. ನಾನಿಟ್ಟ ಸೇವಂತಿಗೆ ಕಂಪನಿಯ ರಹಸ್ಯ ಸಂಕೇತವಂತೆ. ಟಿ. ದಾಸರಹಳ್ಳಿಯ ಒಬ್ಬ ಯೂಟ್ಯೂಬಿನವನು ಥರ್ಮಕೋಲಿನಲ್ಲಿ ಆ ಫೋನು ಮಾಡಿ, ಬೆರಳಿಟ್ಟು, ‘ನೋಡಿ, ಹೀಗೆ ಸಕ್ಕರೆ ಬರುತ್ತೆ’ ಎಂದು ತೋರಿಸುತ್ತಿದ್ದಾನೆ. ನಗಬೇಕೋ ಅಳಬೇಕೋ ತಿಳಿಯದೆ ಅದನ್ನು ಎರಡು ಸಲ ನೋಡಿದೆ.

ಆಫೀಸಿನಲ್ಲಿ ವಿಡಿಯೋ ಮಾಡುವ ಅಮ್ರೀನ್ ಫೋನು ಮಾಡಿದ್ದಳು.

"ಆ ಫೋಟೊದ ಮೂಲೇಲಿ ಕೆಂಪು ನೆಲ ಕಾಣತ್ತಲ್ಲ, ಬಿರುಕು ಬಿಟ್ಟಿರೋದು. ಅದ್ರ ಮೇಲೆ ಕೂತು ನಾನು ಮುದ್ದೆ ತಿಂದಿದೀನಿ ಅನ್ಸುತ್ತೆ, ಶೀತಲ್."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ನಾನೇನೂ ಕೇಳಲ್ಲ ಬಿಡು," ಎಂದು ಇಟ್ಟಳು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಅಕ್ಟೋಬರ್ 8, ಬುಧವಾರ

ಗೇಟಿನ ಹತ್ತಿರ ಮುನೇಶಣ್ಣ ತಡೆದರು.

"ಮೇಡಂ, ಒಸಿ ನಮ್ಮಮ್ಮನಿಗೆ ಏಳಿ. ಲ್ಯಾಬ್ಗೆ ಬರಲ್ಲ ಅಂತವ್ಳೆ. ಮಾತ್ರೆನೂ ನೆಟ್ಟಗೆ ತಕಳ್ತಿಲ್ಲ. ಸಕ್ಕರೆ ಎಷ್ಟೈತೆ ಅಂತ ಫೋನೇ ಏಳ್ತದಂತೆ, ಆಮೇಲೆ ಮಾತ್ರೆ ನೋಡಾನ ಅಂತಾಳೆ."

ನಾನು ಒಳಗೆ ಹೋದೆ. ಮುನಿಕೆಂಪಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಮುಖದಲ್ಲಿ ಇಷ್ಟು ಗೆಲುವು ನಾನು ನೋಡಿಯೇ ಇರಲಿಲ್ಲ.

"ಆಂಟಿ, ಲ್ಯಾಬಿಗೆ ಹೋಗ್ರಿ. ಅಂಥಾ ಫೋನ್ ಗೀನ್ ಏನೂ ಬರಂಗಿಲ್ಲ."

"ಬರಲ್ವಾ? ನೀನೇ ಬರ್ದಿದ್ದೀಯ!" ಅಂದರು. "ಮುನೇಶ ದಿನಾ ರಾತ್ರಿ ನೀನು ಬರ್ದಿದ್ದು ಓದಿ ಏಳ್ತಾನೆ. ಮೂರು ಮಡಿಕೆ ಫೋನು, ಸಿಟ್ಟಿನ ವಾಚು, ಎಲ್ಲಾ ಕೇಳಿವ್ನಿ. ಬ್ಯಾರೇರು ಬರ್ದಿದ್ರೆ ನಂಬ್ತಿರ್ಲಿಲ್ಲ ಕಣೆ. ನಮ್ಮನೆ ಮೇಲಿರೋ ಉಡುಗಿ, ಸುಳ್ಳು ಯಾಕ್ ಬರೀತಾಳೆ?"

ಮೆಟ್ಟಿಲು ಹತ್ತಿ ಬಂದು ಬಾಗಿಲು ಹಾಕಿಕೊಂಡೆ. ನನ್ನ ಸುದ್ದಿಯನ್ನು ಲಕ್ಷ ಜನ ಓದಿದರು ಎಂದು ಸರ್ ಹೇಳಿದಾಗ ಏನೂ ಅನ್ನಿಸಿರಲಿಲ್ಲ. ಕೆಳಗೆ ಕೂತು ಒಬ್ಬರು ಕೇಳಿಸಿಕೊಳ್ಳುತ್ತಿದ್ದರು ಎಂದು ತಿಳಿದಾಗ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ಅಕ್ಟೋಬರ್ 9, ಗುರುವಾರ

ಇವತ್ತು ಪೂರ್ತಿ ಹೇಳಿಬಿಟ್ಟೆ. ಅದು ಕ್ಯಾಮೆರಾ ಅಲ್ಲ, ನೀವೇ ಇಟ್ಟ ಕುಂಕುಮ ಎಂದೆ. ಮುನೇಶಣ್ಣನ ಫೋಟೊ, ಇಂಟರ್ನೆಟ್ಟಿನ ಫೋಟೊ ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದೆ.

ಮುನಿಕೆಂಪಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು.

"ನನ್ನ ಲ್ಯಾಬ್ಗೆ ಕಳಿಸಾಕೆ ನೀನೂ ಮುನೇಶನೂ ಸೇರ್ಕೊಂಡು ನಾಟ್ಕ ಆಡ್ತಿದ್ದೀರ."

"ಖರೇನ ಹೇಳಾಕತ್ತೇನ್ರಿ."

"ಊರಿಗೆಲ್ಲ ಒಂದು ಏಳ್ತೀಯ, ಮನೆಯಾಗೆ ಇನ್ನೊಂದು ಏಳ್ತೀಯ. ಯಾವ್ದು ನಂಬಾನ? ಬಾಯ್ನಾಗೆ ಬಂದಿದ್ದು ಗಾಳಿಗೋಯ್ತದೆ. ಬರ್ದಿದ್ದು ಬರ್ದಂಗಿರ್ತದೆ." ಸಿಟ್ಟಿನಲ್ಲಿ ಎದ್ದು, "ಸುಳ್ಳು ಅಂತ ಬರಿ ನೋಡಾನ. ಬರ್ದಿದ್ದಿನ ಬತ್ತೀನಿ ಲ್ಯಾಬ್ಗೆ," ಎಂದು ಅವರೆಕಾಯಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಅಕ್ಟೋಬರ್ 10, ಶುಕ್ರವಾರ

ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಫೋನು ನನ್ನದೇ, ಬೊಟ್ಟು ನಮ್ಮ ಮನೆಯದೇ. ಅವರು ನಿಂತವರು ಕೂತರು. ಕಾಫಿ ತರಿಸಿದರು, ಕುಡಿಯಲಿಲ್ಲ.

"ಯಾರಿಗಾದ್ರೂ ಗೊತ್ತಾ?"

"ಯಾರಿಗೂ ಗೊತ್ತಿಲ್ರಿ."

"ಗೊತ್ತಾಗೋದೂ ಬೇಡ. ಫೋನು ಬರೋವರೆಗೂ ಬಾಯಿ ಮುಚ್ಕೊಂಡಿರು. ಬಂದ್ಮೇಲೆ ‘ಕೆಂಪು ಕ್ಯಾಮೆರಾ ಎಲ್ಲಿ ಹೋಯ್ತು’ ಅಂತ ಇನ್ನೊಂದು ಸ್ಟೋರಿ ಮಾಡೋಣ. ನಿನ್ನ ಲೆಟರ್ ನಾನು ಸೈನ್ ಮಾಡಿ ಇಟ್ಟಿದೀನಿ, ನೋಡು."

ಡ್ರಾಯರಿನಿಂದ ತೆಗೆದು ನಿಜಕ್ಕೂ ತೋರಿಸಿದರು. ನನ್ನ ಹೆಸರು ಚೆನ್ನಾಗಿ ಅಚ್ಚಾಗಿತ್ತು.

"ನಮ್ಮ ಓನರಮ್ಮ ಇದನ್ನ ನಂಬಿ ಔಷಧ ಬಿಟ್ಟಾರ್ರಿ ಸರ್."

"ಒಬ್ಬರಿಗೋಸ್ಕರ ಎಲ್ರೂ ಮುಳುಗೋದಾ? ಮನೇಲೇ ಹೇಳಿ ಒಪ್ಪಿಸು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದನ್ನೇ ಅಲ್ಲವೇ ನಾನು ನಿನ್ನೆ ಮಾಡಲು ಹೋದದ್ದು. ಒಬ್ಬರಿಗೋಸ್ಕರ ಅನ್ನುತ್ತಾರೆ. ಆ ಸುದ್ದಿಯ ಕೆಳಗೆ ‘ನಮ್ಮ ತಾಯಿಗೆ ಬೇಕಿತ್ತು, ಯಾವಾಗ ಬರುತ್ತೆ?’ ಎಂದು ಕೇಳಿರುವವರನ್ನು ನಾನು ಇವತ್ತಷ್ಟೇ ಓದಿದೆ. ಸಾಲು ಮುಗಿಯಲೇ ಇಲ್ಲ.

ಅಕ್ಟೋಬರ್ 12, ಭಾನುವಾರ

ಬೆಳಿಗ್ಗೆ ನೀರು ಹಿಡಿಯಲು ಇಳಿದರೆ ಮುನಿಕೆಂಪಮ್ಮ ಸಂಪಿನ ಕಟ್ಟೆಗೆ ಒರಗಿ ಕೂತಿದ್ದರು. ಕೊಡ ಉರುಳಿತ್ತು. ತುಟಿ ಒಣಗಿತ್ತು.

"ಏನೂ ಇಲ್ಲ ಕಣೆ, ಕಣ್ಣು ಮಂಜು ಮಂಜು ಆಗ್ತೈತೆ. ಒಂದು ಚೆಂಬು ನೀರು ಕೊಡು."

ಒಂದಲ್ಲ, ಮೂರು ಚೆಂಬು ಕುಡಿದರು. ಕುಡಿದೂ ಬಾಯಾರಿಕೆ ಅನ್ನುತ್ತಿದ್ದರು. ಅವರ ಕೈ ಹಿಡಿದಿದ್ದೆ, ಅದು ತಣ್ಣಗಿತ್ತು. ನನಗೆ ಹೆದರಿಕೆಯಾಯಿತು. ಮುನೇಶಣ್ಣ ಟ್ಯಾಂಕರ್ ಅರ್ಧದಲ್ಲೇ ಬಿಟ್ಟು ಓಡಿ ಬಂದರು. ಇಬ್ಬರೂ ಸೇರಿ ಬೇಡಿಕೊಂಡರೂ ಮುದುಕಿ ಜಗ್ಗಲಿಲ್ಲ. "ಸುಕ್ರವಾರ ಬತ್ತದಲ್ಲ ಫೋನು, ಆಮ್ಯಾಕೆ ನೋಡಾನ." ಹೇಗೋ ಗದರಿಸಿ ಮಾತ್ರೆ ನುಂಗಿಸಿದೆವು. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸುಧಾರಿಸಿ ಎದ್ದು ಕೂತರು.

ಮುನೇಶಣ್ಣನಿಂದ ಪೂರ್ತಿ ಫೋಟೊ ಇಸಿದುಕೊಂಡೆ, ಟ್ಯಾಂಕರು, ಕುಡುಗೋಲು, ಮಿಕ್ಸಿ ಎಲ್ಲ ಇರುವುದು. ಕಟ್ಟೆಯ ಪಾಸ್‌ವರ್ಡು ನನ್ನ ಹತ್ತಿರ ಇದೆ. ಸಂಜೆ ಬರೆದೆ:

‘ಟಾರಿಕ್ಸ್ ಫೋನಿನಲ್ಲಿ ಕೆಂಪು ಕ್ಯಾಮೆರಾ ಇಲ್ಲ. ಅದು ಆಯುಧಪೂಜೆಯ ಕುಂಕುಮ. ಆ ಫೋನು ನನ್ನ ಬಳಿ ಇದ್ದದ್ದು, ಪೂಜೆ ನಡೆದದ್ದು ನಾನಿರುವ ಮನೆಯಲ್ಲಿ, ಹೂವಿಟ್ಟವಳು ನಾನು. ಸಕ್ಕರೆ ಅಳೆಯುತ್ತದೆ ಎಂಬ ಮಾತನ್ನು ಹುಟ್ಟಿಸಿದವಳೂ ನಾನೇ. ಅದಕ್ಕೆ ಯಾವ ಮೂಲವೂ ಇಲ್ಲ. ಯಾರೂ ಅದನ್ನು ನಂಬಿ ಕಾಯಬೇಡಿ. ಕಾಯುತ್ತಿದ್ದರೆ ನಾಳೆ ಬೆಳಿಗ್ಗೆಯೇ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಶೀತಲ್.’

ಮನೆಯವರ ಹೆಸರು ಹಾಕಲಿಲ್ಲ. ಎಲ್ಲೂ ಪ್ರಶ್ನೆ ಕೇಳಲಿಲ್ಲ. ಇಷ್ಟು ಚಿಕ್ಕ ಸುದ್ದಿಯನ್ನು ಬರೆಯಲು ನನಗೆ ಇಷ್ಟು ಹೊತ್ತು ಹಿಡಿದದ್ದು ಇದೇ ಮೊದಲು.

ಅಕ್ಟೋಬರ್ 13, ಸೋಮವಾರ

ಕೆಲಸ ಹೋಯಿತು.

ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಂಪನಿಯಿಂದ ಒಬ್ಬರು ಬಂದು ಫೋನನ್ನು ಎರಡೂ ಕಡೆ ತಿರುಗಿಸಿ ನೋಡಿ ಡಬ್ಬಿಗೆ ಹಾಕಿಕೊಂಡರು. ಚಾರ್ಜ್ ಮಾಡುವ ತೂತಿನಲ್ಲಿ ಇನ್ನೂ ಒಂದಿಷ್ಟು ಅರಿಶಿನ ಕೂತಿತ್ತು. ಅಮ್ರೀನ್ ಬಸ್‌ಸ್ಟಾಪಿನವರೆಗೂ ಬಂದು ನನ್ನ ಬ್ಯಾಗು ಹೊತ್ತಳು.

ಹೋಗಲಿ, ನಿಜ ಹೇಳಿದೆನಲ್ಲ, ಅದನ್ನಾದರೂ ಜನ ನಂಬಿದರೇ ಎಂದರೆ ಅದೂ ಇಲ್ಲ. ‘ಕಂಪನಿಯವರು ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ್ದಾರೆ’ ಎಂದು ಒಬ್ಬ. ‘ಕೈಯಲ್ಲಿಟ್ಟ ಕುಂಕುಮ ಅಷ್ಟು ದುಂಡಗಿರಲು ಸಾಧ್ಯವೇ ಇಲ್ಲ’ ಎಂದು ಇನ್ನೊಬ್ಬ. ನಡುವೆ ಅಲ್ಲೊಬ್ಬರು ಇಲ್ಲೊಬ್ಬರು, ‘ಸರಿ ಮೇಡಂ, ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ’ ಎಂದಿದ್ದರು. ಅವನ್ನು ಮಾತ್ರ ಮತ್ತೆ ಮತ್ತೆ ಓದಿದೆ.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಪ್ಪನಿಗೂ.

ಅಕ್ಟೋಬರ್ 14, ಮಂಗಳವಾರ

ಎದ್ದು, ತಲೆ ಬಾಚಿ, ಆಫೀಸಿಗೆ ಹೊರಟವಳ ಹಾಗೆ ಹೊರಟೆ. ಎಲ್ಲಿಗೆ ಹೋಗುವುದು? ಯಲಹಂಕದ ಕೆರೆಯ ಪಕ್ಕ ಕೂತು ಕಡಲೆಕಾಯಿ ತಿಂದು ಬಂದೆ.

ಸಂಜೆ ಮುನಿಕೆಂಪಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಮುನೇಶಣ್ಣ ಎಲ್ಲ ಓದಿ ಹೇಳಿದ್ದಾರೆ, ಸುದ್ದಿಯ ಕೆಳಗೆ ಜನ ಬರೆದದ್ದನ್ನೂ ಬಿಡದೆ. ಬೈಯುತ್ತಾರೆ ಅಂದುಕೊಂಡೆ. ಅವರ ಸಿಟ್ಟು ಬೇರೆಯೇ ಇತ್ತು.

"ನಾನಿಟ್ಟ ಬೊಟ್ಟು ದುಂಡುಗಿರಲ್ಲ ಅಂದೋನು ಯಾವನೇ ಅವನು? ಬರಾಕೇಳು ಇಲ್ಲಿಗೆ. ಇಟ್ಟು ತೋರಿಸ್ತೀನಿ!"

ಆಮೇಲೆ ನಿಟ್ಟುಸಿರುಬಿಟ್ಟು, "ಅಂಗಾದ್ರೆ ಚುಚ್ಚಿಸ್ಕಬೇಕು ಅನ್ನು," ಎಂದರು. ಮಗುವಿನ ಹಾಗೆ ಮುಖ ಸಣ್ಣದು ಮಾಡಿಕೊಂಡಿದ್ದರು. "ಬರ್ದಿದ್ದೀಯ, ಮಾತು ಮಾತೇ. ಆದ್ರೆ ಮುನೇಶ ಬ್ಯಾಡ, ಅವ್ನು ನಗ್ತಾನೆ. ನೀನು ಬಾ."

ಅಕ್ಟೋಬರ್ 15, ಬುಧವಾರ

ಬೆಳಿಗ್ಗೆ ಮುನಿಕೆಂಪಮ್ಮ, ನಾನು ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಆಟೋ ಹತ್ತಿದೆವು. ನಾನು ಯಾಕೆ ಉಪವಾಸ ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ನರ್ಸು ತೋಳಿಗೆ ರಬ್ಬರು ಕಟ್ಟಿದ್ದೇ ತಡ ಅವ್ವ ನನ್ನ ಮಣಿಕಟ್ಟು ಹಿಡಿದರು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಏನಾನ ಸುದ್ದಿ ಏಳೇ ಬೇಗ. ಏನಾನ ಏಳು."

ಮಡಿಕೆಯ ಫೋನು, ಮಾತಾಡುವ ಕನ್ನಡಕ, ತಾನೇ ಹಾಡುವ ಫ್ರಿಜ್ಜು, ನನ್ನ ತಲೆಯಲ್ಲಿ ಇದ್ದದ್ದೆಲ್ಲ ಒಮ್ಮೆ ಸುಳಿದು ಹೋಯಿತು. ಒಂದೂ ಬಾಯಿಗೆ ಬರಲಿಲ್ಲ. ಸೂಜಿ ಹತ್ತಿರ ಬರುತ್ತಿತ್ತು.

"ನನ್ನ ಕೆಲಸ ಹೋತ್ರಿ, ಅವ್ವಾ."

ಥಟ್ಟನೆ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು.

"ಯಾರೇಳಿದ್ದು?"

"ಯಾರೂ ಹೇಳಿಲ್ರಿ. ನಂದ ಹೋಗೇತಿ. ಸೋಮವಾರ."

"ಸೋಮ್ವಾರನಾ? ಮತ್ತೆ ನಿನ್ನೆ ಡಬ್ಬಿ ತಕಂಡು ಎಲ್ಲಿಗೆ ಓಗಿದ್ದೆ?"

"ಕೆರಿ ದಂಡಿಗೆ."

"ಆಯ್ತು ಅಮ್ಮ, ಹತ್ತಿ ಒತ್ತಿ ಹಿಡ್ಕೊಳ್ಳಿ," ಎಂದಳು ನರ್ಸು. ರಕ್ತ ಆಗಲೇ ಕೊಳವೆಯಲ್ಲಿತ್ತು. ಅವ್ವ ಅದರ ಕಡೆ ನೋಡಲೂ ಇಲ್ಲ.

"ಅದನ್ನ ಬರ್ದಿದ್ದಕ್ಕಾ?"

"ಹೂಂನ್ರಿ."

ಹತ್ತಿಯನ್ನು ಒತ್ತಿ ಹಿಡಿದು, ನೆಲ ನೋಡುತ್ತ, ಬಹಳ ಹೊತ್ತು ಕೂತರು. ಇಷ್ಟು ಹೊತ್ತು ಅವರು ಏನೂ ಕೇಳದೆ ಇದ್ದದ್ದನ್ನು ನಾನು ಕಂಡಿಲ್ಲ. ಆಮೇಲೆ ಎದ್ದು, "ನಡಿ, ಓಟ್ಲಾಗೆ ಏನಾನ ತಿನ್ನಾನ. ಅಸ್ಕೊಂಡು ಯೋಚ್ನೆ ಮಾಡಬಾರ್ದು," ಎಂದರು.

ಹೋಟೆಲಿನವರು ಪರಿಚಯದವರು. ಇಡ್ಲಿ ತಂದಿಟ್ಟ ಮಾಣಿ ನನ್ನತ್ತ ನೋಡಿ, "ಯಾರಮ್ಮ, ಮಗಳಾ?" ಎಂದು ಕೇಳಿದ.

"ಅಲ್ಲ ಕಣಪ್ಪ," ಎಂದರು ಅವ್ವ, ನನ್ನ ತಟ್ಟೆಗೆ ಚಟ್ನಿ ಬಡಿಸುತ್ತ. "ನಮ್ಮನೆಯಾಗೆ ಸುದ್ದಿ ಬರೆಯೋಳು."

ನಾನು ತಲೆ ತಗ್ಗಿಸಿ, ಇನ್ನೊಂದು ಪ್ಲೇಟ್ ಇಡ್ಲಿ ಹೇಳಿದೆ.